ಕಾಸಿಮೇಡಿನಲ್ಲಿ ನಗದು ಕರಗಿದ ಬಗೆ

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಬಳಿಯಿಂದ ರಾಜಾಜಿ ಸಾಲೈ ಎಂಬ ರಸ್ತೆ ಬಂದರನ್ನು ಬಲಕ್ಕಿಟ್ಟುಕೊಂಡು ಉತ್ತರಕ್ಕೆ ಸಾಗುತ್ತದೆ. ಕೋಟೆಯ ಪಕ್ಕದಲ್ಲೇ ರಿಸರ್ವ್ ಬ್ಯಾಂಕು. ಅದೇ ಸಾಲಿನಲ್ಲಿ 1843ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಮದ್ರಾಸಿನ ಕೆಂಪು ಕಟ್ಟಡವಿದೆ. ಈಗ ಅದು ಸ್ಟೇಟ್ ಬ್ಯಾಂಕಿನದು. ನಮ್ಮ ಮೈಸೂರು ಅರಮನೆಯ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಯಾಡಿಸಿದ ಕಟ್ಟಡವದು. ಸ್ವದೇಶಿ ಚಳವಳಿಯ ಬಿಸಿಯಲ್ಲಿ ಹುಟ್ಟಿದ ಇಂಡಿಯನ್ ಬ್ಯಾಂಕೂ ಅದೇ ರಸ್ತೆಯದು. ಇವನ್ನೆಲ್ಲ ದಾಟಿ ಇನ್ನೂ ಉತ್ತರಕ್ಕೆ ಹೋದರೆ ರಾಯಪುರಂ. 1856ರ ರೈಲು ನಿಲ್ದಾಣ, ಪಾರ್ಸಿಗಳ ಅಗ್ನಿ ದೇಗುಲ, ಬೆಸ್ತರ ಸೇಂಟ್ ಪೀಟರ್ಸ್ ಚರ್ಚು, ಕೊನೆಯಲ್ಲಿ ಕಾಸಿಮೇಡು ಮೀನುಗಾರಿಕಾ ಬಂದರು. ನೋಟು ಹಂಚುವ ಕಚೇರಿಗಳು ರಸ್ತೆಯ ಆ ತುದಿಗೆ, ಆ ನೋಟು ಅತಿ ವೇಗವಾಗಿ ಕೈ ಬದಲಿಸುವ ಮಾರುಕಟ್ಟೆ ಈ ತುದಿಗೆ. ನಡುವಿನ ದೂರ ಕೆಲವೇ ಕಿಲೋಮೀಟರು.

2016ರಿಂದ ಈಚೆಗೆ ಈ ತುದಿಯಲ್ಲಿ ನಗದು ಕರಗಿದೆ. ಮೀನಿನ ಬುಟ್ಟಿಯ ಪಕ್ಕದಲ್ಲಿ ಕ್ಯೂಆರ್ ಫಲಕ ನಿಂತಿದೆ, ಐಸ್ ಮಾರುವವನೂ ಫೋನು ತೋರಿಸುತ್ತಾನೆ. ಇದನ್ನು ತಂತ್ರಜ್ಞಾನದ ಸಹಜ ನಡೆ ಎಂದು ಬರೆಯುವುದು ರೂಢಿ. ಕಾಲಕ್ರಮ ಹಿಡಿದು ನೋಡಿದರೆ ಅಷ್ಟು ಸಹಜವಾಗಿ ಕಾಣುವುದಿಲ್ಲ. ಇಲ್ಲಿನ ಜನ ನೋಟನ್ನು ಬೇಡವೆಂದು ಬಿಟ್ಟವರಲ್ಲ. ಒಂದರ ಹಿಂದೊಂದು ಬಂದ ಪೆಟ್ಟುಗಳು ನೋಟನ್ನು ಅವರ ಕೈಯಿಂದ ಬಿಡಿಸಿದವು.

ಹಣದ ರೂಪವನ್ನು ಆ ತುದಿಯಲ್ಲಿ ಬದಲಿಸುವುದು, ಬದಲಾವಣೆಯ ಬೆಲೆಯನ್ನು ಈ ತುದಿಯಲ್ಲಿ ತೆರುವುದು ಹೊಸದೇನಲ್ಲ. 1818ಕ್ಕೆ ಮುಂಚೆ ಮದರಾಸಿನ ಲೆಕ್ಕವೆಲ್ಲ ವಿಜಯನಗರದ ಬಳುವಳಿಯಾದ ವರಹದಲ್ಲಿ ನಡೆಯುತ್ತಿತ್ತು. ಇಂಗ್ಲಿಷರು ಅದನ್ನು ಪಗೋಡ ಎಂದರು. ಒಂದು ವರಹಕ್ಕೆ 42 ಹಣ, ಒಂದು ಹಣಕ್ಕೆ 80 ಕಾಸು ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಪಟ್ಟಿ. ಪೇಟೆಯಲ್ಲಿ ಮಾತ್ರ ತಾಮ್ರದ ಕಾಸಿನ ಬೆಲೆ ಏರಿಳಿಯುತ್ತಿತ್ತು. ಕೂಲಿಯನ್ನು ಕಾಸಿನಲ್ಲಿ ಪಡೆದವನು ಸರಾಫನ ಮುಂದೆ ಕುಳಿತಾಗ ಒಂದಿಷ್ಟು ಕಳೆದುಕೊಂಡೇ ಏಳುತ್ತಿದ್ದ. 1818ರ ಜನವರಿಯಲ್ಲಿ ಕಂಪನಿ ವರಹವನ್ನು ಬದಿಗಿಟ್ಟು ಬೆಳ್ಳಿ ರೂಪಾಯಿಯನ್ನು ಮಾನದಂಡ ಮಾಡಿತು, ನೂರು ವರಹಕ್ಕೆ 350 ರೂಪಾಯಿ ಎಂದು ಕಟ್ಟಿತು. ರಾಯಪುರಂಗೆ ಹತ್ತಿರದ ತಂಗಸಾಲೈ ಬೀದಿಯ ಟಂಕಸಾಲೆ 1869ರಲ್ಲಿ ಮುಚ್ಚಿತು.

ಕಾಣದ ಹಣವನ್ನು ನಂಬಿ ಮೋಸಹೋದ ನೆನಪೂ ಈ ರಸ್ತೆಗಿದೆ. 1906ರ ಅಕ್ಟೋಬರ್ 22ರಂದು ಖಾಸಗಿ ಬ್ಯಾಂಕಾದ ಆರ್ಬತ್ನಾಟ್ ಕಂಪನಿ ಬಾಗಿಲು ಹಾಕಿತು. ನಿವೃತ್ತ ಗುಮಾಸ್ತರು, ವಿಧವೆಯರು, ದೇವಸ್ಥಾನಗಳು ಇಟ್ಟ ಠೇವಣಿ ಮುಳುಗಿತು. ಕಂಪನಿಯ ಮುಖ್ಯಸ್ಥ ಸರ್ ಜಾರ್ಜ್ ಆರ್ಬತ್ನಾಟ್‌ಗೆ ಸೆರೆವಾಸವಾಯಿತು. ಆ ಸಿಟ್ಟಿನಿಂದಲೇ ಮರುವರ್ಷ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತು ಸಂಗಡಿಗರು ಇಂಡಿಯನ್ ಬ್ಯಾಂಕನ್ನು ಕಟ್ಟಿದ್ದು. ಪುಸ್ತಕದಲ್ಲಿ ಬರೆದ ಮೊತ್ತಕ್ಕಿಂತ ಕೈಯಲ್ಲಿರುವ ನಾಣ್ಯ ಮೇಲು ಎಂಬ ಹಳೆಯ ತಲೆಮಾರಿನ ಹಟ ಅಜ್ಞಾನದಿಂದ ಬಂದದ್ದಲ್ಲ ಎನ್ನಲು ಈ ಒಂದು ಘಟನೆ ಸಾಕು.

ಈಗ ಕಾಸಿಮೇಡಿನ ವ್ಯವಹಾರದ ಒಳಗು. ಬೆಳಕು ಹರಿಯುವ ಮುನ್ನವೇ ದೋಣಿಗಳು ದಕ್ಕೆಗೆ ಬರುತ್ತವೆ, ಹರಾಜು ಕೂಗುತ್ತಾರೆ, ಭಾನುವಾರವಾದರೆ ಊರಿಗೆ ಊರೇ ಬಂದು ನಿಲ್ಲುತ್ತದೆ. ದೋಣಿಯ ಮಾಲೀಕನಿಗೆ ಡೀಸೆಲ್, ಐಸ್, ಬಲೆಗೆ ಮುಂಗಡ ಬೇಕು. ಅದನ್ನು ಕೊಟ್ಟ ದಲ್ಲಾಳಿಗೆ ಮೀನಿನ ಮೇಲೆ ಹಕ್ಕು. ಹರಾಜಿನಲ್ಲಿ ಒಂದು ಬುಟ್ಟಿ ಹಿಡಿದು ಓಣಿ ಓಣಿ ತಿರುಗುವ ಹೆಂಗಸಿಗೆ ಬೆಳಗಿನ ಬಂಡವಾಳ ಬೇಕು. ಅದು ಸಾಲದಿಂದ ಬರುತ್ತದೆ, ಸಂಜೆಯ ಮಾರಾಟದಿಂದ ತೀರುತ್ತದೆ, ಮರುದಿನ ಮತ್ತೆ ಹುಟ್ಟುತ್ತದೆ. ಈ ಸಾಲದ ಬಗೆಗಳು ಎಷ್ಟು ಬೇರೂರಿದ್ದವೆಂದರೆ, ತಮಿಳುನಾಡು ಸರ್ಕಾರ 2003ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸಿ ತಂದ ಕಾಯ್ದೆಯಲ್ಲಿ ಅವುಗಳ ಬೀದಿ ಹೆಸರನ್ನೇ ಬರೆಯಬೇಕಾಯಿತು: ದಿನದ ವಟ್ಟಿ, ಗಂಟೆ ವಟ್ಟಿ, ಕಂದು ವಟ್ಟಿ, ಮೀಟರ್ ವಟ್ಟಿ, ತಂಡಲ್. ನಮ್ಮಲ್ಲಿನ ಮೀಟರ್ ಬಡ್ಡಿಯ ಒಡಹುಟ್ಟುಗಳು ಇವು. ಕರಾವಳಿ ಕರ್ನಾಟಕ ಇದೇ ದಿನದ ದುಡಿಮೆಯನ್ನು ಬೇರೆ ದಾರಿಗೆ ತಿರುಗಿಸಿತ್ತು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿದ ಉಡುಪಿಯ ಬ್ಯಾಂಕು ಡಾ. ಟಿ.ಎಂ.ಎ. ಪೈ ಅವರ ನೇತೃತ್ವದಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ನೇಕಾರರ, ಮೀನುಗಾರರ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತು. ಸಾಲ ಕೊಟ್ಟವನು ಬಂದು ವಸೂಲು ಮಾಡುವ ಹೊತ್ತಿಗೆ ಬ್ಯಾಂಕಿನ ಮನುಷ್ಯ ಬಂದು ಉಳಿತಾಯ ಕಟ್ಟಿಸಿಕೊಳ್ಳುವುದು ಎಷ್ಟು ದೊಡ್ಡ ವ್ಯತ್ಯಾಸವೆಂದು ಈ ಎರಡು ತೀರಗಳನ್ನು ಜೊತೆಗಿಟ್ಟು ನೋಡಿದಾಗಲೇ ತಿಳಿಯುವುದು.

ಎರಡೂ ತೀರಗಳಲ್ಲಿ ಈ ವ್ಯವಹಾರವನ್ನೆಲ್ಲ ಹೊತ್ತದ್ದು ಸಣ್ಣ ನೋಟು, ಚಿಲ್ಲರೆ. ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ತೀರದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಬದುಕುವುದು ಉಳಿದ ತಿಂಗಳುಗಳ ಕೈಗಂಟಿನ ಮೇಲೆ.

2016ರ ನವೆಂಬರ್ 8, ಮಂಗಳವಾರ, ರಾತ್ರಿ ಎಂಟು ಗಂಟೆ. 500 ಮತ್ತು 1000 ರೂಪಾಯಿಯ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಎಂದು ಪ್ರಧಾನಿ ಸಾರಿದರು. ಮೌಲ್ಯದ ಲೆಕ್ಕದಲ್ಲಿ ದೇಶದ ನಗದಿನ ಶೇ. 86 ಭಾಗ ಅದು. 15 ಲಕ್ಷ ಕೋಟಿ ರೂಪಾಯಿಗೂ ಮೀರಿದ್ದು. ಮರುದಿನ ಬ್ಯಾಂಕುಗಳಿಗೆ ರಜೆ, ಎಟಿಎಂಗಳಿಗೆ ಬೀಗ. ಬ್ಯಾಂಕು ತೆರೆದ ಮೇಲೆ ಒಬ್ಬರಿಗೆ ನಾಲ್ಕು ಸಾವಿರದವರೆಗೆ ಬದಲಾವಣೆ. ಆಮೇಲೆ ಅದು ನಾಲ್ಕೂವರೆ ಸಾವಿರವಾಗಿ, ನವೆಂಬರ್ 18ರಿಂದ ಎರಡು ಸಾವಿರಕ್ಕೆ ಇಳಿದು, 24ಕ್ಕೆ ನಿಂತೇಹೋಯಿತು. ಒಬ್ಬರೇ ಮತ್ತೆ ಮತ್ತೆ ಸಾಲಿಗೆ ಬರಬಾರದೆಂದು ಬೆರಳಿಗೆ ಶಾಯಿ ಹಚ್ಚಿದರು. ಚುನಾವಣೆಗೆ ಶಾಯಿ ಕೊಡುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದಲೇ, 1937ರಲ್ಲಿ ನಾಲ್ವಡಿಯವರು ಸ್ಥಾಪಿಸಿದ ಕಾರ್ಖಾನೆಯಿಂದಲೇ, ಅದು ಹೋಯಿತು. ಹೊಸ ಎರಡು ಸಾವಿರದ ನೋಟು ಅಚ್ಚಾದದ್ದೂ ಮೈಸೂರಿನ ಮುದ್ರಣಾಲಯದಲ್ಲಿ. ಅದರ ಅಳತೆ ಹಳೆಯದಕ್ಕಿಂತ ಬೇರೆಯಾದ್ದರಿಂದ ದೇಶದ ಎರಡು ಲಕ್ಷ ಎಟಿಎಂಗಳನ್ನು ಒಂದೊಂದಾಗಿ ತಿದ್ದಬೇಕಾಯಿತು.

ಸಾಲಿನಲ್ಲಿ ನಿಲ್ಲುವುದು ಎಲ್ಲರಿಗೂ ಕಷ್ಟವೇ. ಮೀನು ಮಾರುವವಳಿಗೆ ಅದು ಅಸಾಧ್ಯ. ಅವಳ ವ್ಯಾಪಾರ ನಸುಕಿಗೆ ಶುರು, ಬ್ಯಾಂಕಿನ ಬಾಗಿಲು ಹತ್ತಕ್ಕೆ ತೆರೆಯುತ್ತದೆ. ಹತ್ತಕ್ಕೆ ಅವಳು ಸಾಲಿನಲ್ಲಿ ನಿಂತರೆ ಬುಟ್ಟಿಯ ಮೀನು ಕೆಡುತ್ತದೆ. ಬಟ್ಟೆ ವ್ಯಾಪಾರಿ ವಾರ ಕಾಯಬಲ್ಲ, ಅಕ್ಕಿ ವ್ಯಾಪಾರಿ ತಿಂಗಳು ಕಾಯಬಲ್ಲ. ಮೀನಿಗೆ ಆ ಸಾವಧಾನವಿಲ್ಲ. ಗಿರಾಕಿಯ ಕೈಗೆ ಬಂದದ್ದು ಎರಡು ಸಾವಿರದ ನೋಟು, ಅದನ್ನು ಮುರಿಸಲು ಐನೂರರ ನೋಟೇ ಇಲ್ಲ. ನೂರೈವತ್ತು ರೂಪಾಯಿಯ ಮೀನಿಗೆ ಎರಡು ಸಾವಿರ ಚಾಚಿದರೆ ಯಾವ ಮಡಿಲಿನಿಂದ ಚಿಲ್ಲರೆ ತರುವುದು? ಹರಾಜು ಕಟ್ಟೆಯಲ್ಲಿ ನಗದು ಬತ್ತಿದರೆ ಉಳಿಯುವುದು ಸಾಲವೊಂದೇ, ಸಾಲ ಕೊಡಬಲ್ಲವನು ಮೊದಲಿಂದ ಗಟ್ಟಿಯಾಗಿದ್ದ ದಲ್ಲಾಳಿಯೇ. ಕಪ್ಪುಹಣದವರ ಮೇಲೆ ಎತ್ತಿದ ಅಸ್ತ್ರ ಬಿದ್ದದ್ದು ಬುಟ್ಟಿ ಹೊತ್ತವರ ಮೇಲೆ ಎಂದೇ ನಾನು ತಿಳಿಯುತ್ತೇನೆ. ರದ್ದಾದ ನೋಟುಗಳಲ್ಲಿ ಶೇ. 99.3 ಭಾಗ ಬ್ಯಾಂಕಿಗೆ ಮರಳಿತೆಂದು 2018ರಲ್ಲಿ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯೇ ಹೇಳಿದ ಮೇಲೆ ಆ ತಿಳಿವಳಿಕೆಯನ್ನು ಬದಲಿಸಲು ಕಾರಣ ಸಿಕ್ಕಿಲ್ಲ.

ಆ ಚಳಿಗಾಲ ಚೆನ್ನೈಯನ್ನು ಅಲ್ಲಿಗೇ ಬಿಡಲಿಲ್ಲ. ಡಿಸೆಂಬರ್ 5ರ ರಾತ್ರಿ ಮುಖ್ಯಮಂತ್ರಿ ಜಯಲಲಿತಾ ತೀರಿಕೊಂಡರು, ಊರು ಮುಚ್ಚಿತು. 10 ಎರಡನೇ ಶನಿವಾರ, 11 ಭಾನುವಾರ, ಬ್ಯಾಂಕುಗಳಿಗೆ ರಜೆ. 12ರ ಸೋಮವಾರ ಮಧ್ಯಾಹ್ನ ವರ್ದಾ ಚಂಡಮಾರುತ ನೇರವಾಗಿ ಚೆನ್ನೈ ತೀರಕ್ಕೆ ಅಪ್ಪಳಿಸಿತು. ಗಂಟೆಗೆ ನೂರು ಕಿಲೋಮೀಟರು ಮೀರಿದ ಗಾಳಿಗೆ ಸಾವಿರಾರು ಮರಗಳು ಉರುಳಿದವು, ವಿದ್ಯುತ್ ಕಂಬಗಳು ಮಲಗಿದವು, ಮೊಬೈಲ್ ಗೋಪುರಗಳು ಮೂಕವಾದವು. ಒಂದು ತಿಂಗಳಿಂದ ನಗದು ಇರಲಿಲ್ಲ, ಕಾರ್ಡು ಉಜ್ಜಿ ಎಂದು ಸರ್ಕಾರ ಹೇಳುತ್ತಿತ್ತು. ಈಗ ಕಾರ್ಡು ಉಜ್ಜುವ ಯಂತ್ರಕ್ಕೆ ಜೀವವಿಲ್ಲ, ಎಟಿಎಂಗೆ ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಮೇಣದಬತ್ತಿ, ಹಾಲು, ಕುಡಿಯುವ ನೀರಿನ ಕ್ಯಾನು ಕೊಳ್ಳಲು ನೂರರ ನೋಟಿಗಾಗಿ ಜನ ಹುಡುಕಾಡಿದರು. ನಗದಿಲ್ಲದ ಊರು ಹೇಗಿರುತ್ತದೆಂಬ ಪ್ರಯೋಗ ಭಾರತದಲ್ಲಿ ನಿಜವಾಗಿ ನಡೆದದ್ದು ಆ ಕೆಲವು ದಿನ, ಆ ಊರಿನಲ್ಲಿ. ಅದರ ಫಲಿತಾಂಶವನ್ನು ಯಾರೂ ಗಂಭೀರವಾಗಿ ಬರೆದಿಡಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಯುಪಿಐ ಆಗಲೇ ಹುಟ್ಟಿತ್ತು. 2016ರ ಏಪ್ರಿಲ್ 11ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ರಘುರಾಮ್ ರಾಜನ್ ಅದನ್ನು ಉದ್ಘಾಟಿಸಿದ್ದರು. ನೋಟು ರದ್ದಾದ ನವೆಂಬರಿನಲ್ಲಿ ಇಡೀ ದೇಶದಲ್ಲಿ ಅದರಿಂದ ನಡೆದ ವಹಿವಾಟು ಮೂರು ಲಕ್ಷವನ್ನೂ ಮುಟ್ಟಲಿಲ್ಲ. ಡಿಸೆಂಬರಿನಲ್ಲಿ ಇಪ್ಪತ್ತು ಲಕ್ಷದ ಸುತ್ತ. ಡಿಸೆಂಬರ್ 30ಕ್ಕೆ ಭೀಮ್ ಬಂತು, ಮರುವರ್ಷ ಗೂಗಲ್ಲಿನ ತೇಜ್. ಬೆಂಗಳೂರಿನ ಫೋನ್‌ಪೇ ಆಗಲೇ ಕಣಕ್ಕಿಳಿದಿತ್ತು. ಆದರೂ ಕಾಸಿಮೇಡಿನಂಥ ಕಡೆ 2017, 2018ರಲ್ಲಿ ನೋಟು ಮರಳಿ ಬಂದಂತೆಲ್ಲ ಜನರೂ ನೋಟಿಗೆ ಮರಳಿದರು. ಸಣ್ಣ ಅಂಗಡಿಯವನನ್ನು ಗೆದ್ದದ್ದು ಎರಡು ಬದಲಾವಣೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿ ಕೊಡಬೇಕಾದ ಶುಲ್ಕ ಸೊನ್ನೆಯಾಯಿತು. ಬಂದ ಮೊತ್ತವನ್ನು ಗಟ್ಟಿಯಾಗಿ ಹೇಳುವ ಸೌಂಡ್ ಬಾಕ್ಸ್ ಹೊತ್ತಿಗೆ ಸರಿಯಾಗಿ ಬಂತು. ಓದಲು ಬಾರದವರು, ಕೈಯೆಲ್ಲ ಮೀನಿನ ನೀರಾದವರು ಫೋನು ಮುಟ್ಟದೆಯೇ ಹಣ ಬಂತೆಂದು ತಿಳಿಯುವಂತಾಯಿತು.

ಆಮೇಲೆ ಕೊರೊನಾ. 2020ರ ಮೇ, ಜೂನ್ ತಿಂಗಳಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ಐದನೇ ವಲಯ, ಅಂದರೆ ರಾಯಪುರಂ ವಲಯ, ಸೋಂಕಿನ ಪಟ್ಟಿಯಲ್ಲಿ ನಗರಕ್ಕೇ ಮೊದಲು. ಒತ್ತೊತ್ತಾದ ಮನೆ, ಇಕ್ಕಟ್ಟಾದ ಓಣಿ, ಕೈಯಿಂದ ಕೈಗೆ ನೋಟು. ನೋಟಿನಿಂದಲೇ ಸೋಂಕು ಹರಡುತ್ತದೆಂಬ ಭಯ ಹಬ್ಬಿತು. ಆ ಭಯಕ್ಕೆ ಆಧಾರ ಕಡಿಮೆಯಿತ್ತೆಂದು ಆಮೇಲೆ ತಿಳಿದರೂ ಗಿರಾಕಿಯ ಅಭ್ಯಾಸ ಬದಲಾಗಿತ್ತು. ಅದೇ ಜೂನಿನಲ್ಲಿ ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂತು. ಡಿಜಿಟಲ್ ಪಾವತಿ ಪಡೆದವರಿಗೆ ತಿಂಗಳಿಗೆ ನೂರು ರೂಪಾಯಿವರೆಗೆ ಪ್ರೋತ್ಸಾಹಧನ. ಸಾಲದ ಜೊತೆ ಕ್ಯೂಆರ್ ಫಲಕವೂ ಮನೆಗೆ ಬಂತು. 2019ರ ಅಕ್ಟೋಬರಿನಲ್ಲಿ ತಿಂಗಳಿಗೆ ನೂರು ಕೋಟಿ ಮುಟ್ಟಿದ್ದ ಯುಪಿಐ ವಹಿವಾಟು 2023ರ ಆಗಸ್ಟಿನಲ್ಲಿ ಸಾವಿರ ಕೋಟಿ, 2025ರ ಆಗಸ್ಟಿನಲ್ಲಿ ಎರಡು ಸಾವಿರ ಕೋಟಿ ದಾಟಿತು.

ಇದರ ಒಳಿತನ್ನು ಸಣ್ಣದೆಂದು ಹೇಳಲಾರೆ. ಖೋಟಾ ನೋಟಿನ ಭಯ ಹೋಯಿತು. ಮಡಿಲಿನ ಸಂಚಿಯಿಂದ ಕುಡಿತಕ್ಕೆ ಎತ್ತಿಕೊಳ್ಳುತ್ತಿದ್ದ ಕೈಗೆ ಫೋನಿನ ಪಿನ್ ಸಿಗುವುದಿಲ್ಲ. ದೋಣಿಯಲ್ಲಿ ದುಡಿಯಲು ಬಂದ ಆಂಧ್ರದ, ಒಡಿಶಾದ ಕೂಲಿಗಳು ರಾತ್ರಿಯೇ ಊರಿಗೆ ಹಣ ಕಳಿಸಬಲ್ಲರು. 2023ರ ಸೆಪ್ಟೆಂಬರ್ 15ರಿಂದ ತಮಿಳುನಾಡಿನ ಒಂದು ಕೋಟಿಗೂ ಹೆಚ್ಚು ಹೆಂಗಸರ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ನೇರವಾಗಿ ಬೀಳತೊಡಗಿತು. ನಮ್ಮ ಗೃಹಲಕ್ಷ್ಮಿ ಅದಕ್ಕೆ ಎರಡು ವಾರ ಮೊದಲು ಆರಂಭವಾಗಿತ್ತು. ಮಧ್ಯದ ಕೈಗಳು ಕಡಿಮೆಯಾದದ್ದು ಸಣ್ಣ ಮಾತಲ್ಲ.

ಆದರೆ ಕಾಣದ ಹಣ ಎಲ್ಲವನ್ನೂ ಬರೆದಿಡುತ್ತದೆ. ಇದನ್ನು ಕರ್ನಾಟಕ 2025ರ ಜುಲೈನಲ್ಲಿ ಅನುಭವಿಸಿತು. ಯುಪಿಐ ಮೂಲಕ ಬಂದ ಮೊತ್ತವನ್ನು ಕೂಡಿಸಿ ನೋಡಿದ ವಾಣಿಜ್ಯ ತೆರಿಗೆ ಇಲಾಖೆ, ಸರಕು ಮಾರಿ ವರ್ಷಕ್ಕೆ 40 ಲಕ್ಷ ಅಥವಾ ಸೇವೆ ನೀಡಿ 20 ಲಕ್ಷ ಮೀರಿದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರಿದವರಿಗೂ ಲಕ್ಷಗಟ್ಟಲೆಯ ನೋಟಿಸು ಬಂತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಫಲಕ ಇಳಿಯಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಏರಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದ ಮೇಲೆ ಬಿಸಿ ಆರಿತು. ತೆರಿಗೆ ಕಟ್ಟುವುದು ಸರಿಯೇ. ಆದರೆ ಫೋನಿಗೆ ಬಂದದ್ದೆಲ್ಲ ಲಾಭವಲ್ಲ. ಅದರಲ್ಲಿ ಕೈಸಾಲವಿದೆ, ಮಗಳ ಮದುವೆಗೆ ತಮ್ಮ ಕಳಿಸಿದ್ದಿದೆ, ನೂರಕ್ಕೆ ಐದೂ ಉಳಿಯದ ಮಾರಾಟವಿದೆ. ಇಷ್ಟನ್ನು ಅರಿಯದೆ ಮೊತ್ತವನ್ನಷ್ಟೇ ಓದಿದ್ದು ತಪ್ಪು. ಫೋನ್‌ಪೇ ಹುಟ್ಟಿ ಬೆಳೆದ ಊರಿನಲ್ಲೇ ಜನ ಕ್ಷಣಮಾತ್ರದಲ್ಲಿ ನೋಟಿಗೆ ಮರಳಿದರೆಂಬುದು ಮರೆಯುವಂಥದ್ದಲ್ಲ. ಆಗ ಮರಳಲು ನೋಟಿತ್ತು.

ರಾಯಪುರಂಗೆ ಮತ್ತೆ ಬರೋಣ. 2023ರ ಡಿಸೆಂಬರಿನ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ಉತ್ತರ ಚೆನ್ನೈ ದಿನಗಟ್ಟಲೆ ನೀರಿನಲ್ಲಿ ನಿಂತಿತು. ವರ್ದಾ ಕಳೆದು ಏಳು ವರ್ಷ. ಈ ಬಾರಿ ಜನರ ಹಣವೆಲ್ಲ ಫೋನಿನಲ್ಲಿತ್ತು, ಫೋನಿಗೆ ಚಾರ್ಜಿರಲಿಲ್ಲ. ಸರ್ಕಾರ ಪರಿಹಾರ ಕೊಟ್ಟದ್ದು ಹೇಗೆ? ಕುಟುಂಬಕ್ಕೆ ಆರು ಸಾವಿರ ರೂಪಾಯಿ, ಟೋಕನ್ ಹಂಚಿ, ಪಡಿತರ ಅಂಗಡಿಯಲ್ಲಿ, ನೋಟಿನ ರೂಪದಲ್ಲಿ, ಕೈಗೆ. ತಿಂಗಳ ಸಾವಿರವನ್ನು ಖಾತೆಗೆ ಹಾಕುವ ಸರ್ಕಾರವೇ ನೆರೆಯ ಹೊತ್ತಿಗೆ ನಗದನ್ನು ಆರಿಸಿಕೊಂಡಿತು. ಅದು ಸರಿಯಾದ ನಿರ್ಧಾರವಾಗಿತ್ತು.

ಮಳೆಗಾಲದ ಮಾತಷ್ಟೇ ಅಲ್ಲ. 2025ರ ಮಾರ್ಚ್ 26ರಂದು, ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೆಲಹೊತ್ತು ನಿಂತಿತು. 2024ರ ಜನವರಿ 31ರಂದು ರಿಸರ್ವ್ ಬ್ಯಾಂಕು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಆ ಫಲಕ ಇಟ್ಟುಕೊಂಡ ಸಣ್ಣ ಅಂಗಡಿಗಳೆಲ್ಲ ತಮ್ಮ ಹಣ ಏನಾಗುವುದೋ ಎಂದು ಕಳವಳಪಟ್ಟವು. 2025ರಲ್ಲಿ ಐದು ಯುಪಿಐ ವಹಿವಾಟುಗಳಲ್ಲಿ ನಾಲ್ಕಕ್ಕೂ ಹೆಚ್ಚು ಫೋನ್‌ಪೇ ಮತ್ತು ಗೂಗಲ್ ಪೇ ಎಂಬ ಎರಡೇ ಆ್ಯಪ್‌ಗಳ ಮೂಲಕ ಹೋಗುತ್ತಿದ್ದವು. ಒಂದೇ ಆ್ಯಪ್ ಶೇ. 30 ಮೀರಬಾರದೆಂಬ ನಿಯಮವನ್ನು ಮತ್ತೆ ಮತ್ತೆ ಮುಂದೂಡಿ, 2024ರ ಡಿಸೆಂಬರಿನಲ್ಲಿ 2026ರ ಕೊನೆಗೆ ತಳ್ಳಲಾಯಿತು. ಎಲ್ಲ ದೋಣಿಗಳನ್ನೂ ಒಂದೇ ಹಗ್ಗಕ್ಕೆ ಕಟ್ಟಿದಂತೆ ಇದು. ಕಡಲು ಬಲ್ಲವರು ಹಾಗೆ ಕಟ್ಟುವುದಿಲ್ಲ.

ನಗದನ್ನು ನಮಗಿಂತ ಮೊದಲು ಬಿಟ್ಟ ನಾಡುಗಳು ಈಗ ಅದನ್ನು ಮರಳಿ ಕರೆಯುತ್ತಿವೆ. ಸ್ವೀಡನ್ ಸರ್ಕಾರ 2024ರ ನವೆಂಬರಿನಲ್ಲಿ ಮನೆಮನೆಗೆ ಕಳಿಸಿದ ಆಪತ್ತಿನ ಕೈಪಿಡಿಯಲ್ಲಿ ಒಂದು ವಾರಕ್ಕಾಗುವಷ್ಟು ನಗದನ್ನು ಬೇರೆ ಬೇರೆ ಮುಖಬೆಲೆಯಲ್ಲಿ ಇಟ್ಟುಕೊಳ್ಳಿ ಎಂದಿತು. ನಾರ್ವೆ 2024ರ ಅಕ್ಟೋಬರ್ 1ರಿಂದ ಅಂಗಡಿಯಲ್ಲಿ ನಗದು ಕೊಡುವ ಗಿರಾಕಿಯ ಹಕ್ಕನ್ನು ಕಾನೂನಿನಲ್ಲಿ ಬಿಗಿ ಮಾಡಿತು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ ಕಿಸೆಯಲ್ಲಿ ನೋಟಿದ್ದವರೇ ಬ್ರೆಡ್ಡು ಕೊಂಡದ್ದು.

ಅದೇ ಏಪ್ರಿಲ್ 28ರಂದು ನಮ್ಮ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಸೆಪ್ಟೆಂಬರ್ ಕೊನೆಗೆ ಶೇ. 75, ಮರುವರ್ಷದ ಮಾರ್ಚಿಗೆ ಶೇ. 90 ಎಟಿಎಂಗಳು ನೂರು ಅಥವಾ ಇನ್ನೂರರ ನೋಟು ಕೊಡಲೇಬೇಕು ಎಂದು. ಈ ಸುತ್ತೋಲೆಯ ಹಿಂದಿನ ಅಂಕಿ ನೋಡಬೇಕು. ದೇಶದಲ್ಲಿ ನೋಟು ಕಡಿಮೆಯಾಗಿಲ್ಲ. 2016ರ ನವೆಂಬರಿನ ಆರಂಭದಲ್ಲಿ 18 ಲಕ್ಷ ಕೋಟಿಯಷ್ಟಿದ್ದ ನಗದು 2025ರ ಮಾರ್ಚಿಗೆ ಅದರ ಎರಡು ಪಟ್ಟಾಗಿತ್ತು. ಆದರೆ ಆಗ ಅದರ ಮೌಲ್ಯದ ಶೇ. 86 ಭಾಗ ಐನೂರರ ನೋಟಿನಲ್ಲೇ ಇತ್ತು. ನೋಟು ಕಪಾಟಿನಲ್ಲಿದೆ, ಬೀದಿಯಲ್ಲಿಲ್ಲ. ಬುಟ್ಟಿಯ ವ್ಯಾಪಾರಕ್ಕೆ ಬೇಕಾದ ಹತ್ತು, ಇಪ್ಪತ್ತು, ಐವತ್ತು ಕಾಣೆಯಾದಷ್ಟೂ ಮಾರುವವರು ಕ್ಯೂಆರ್ ಫಲಕಕ್ಕೆ ಶರಣಾಗುತ್ತಾರೆ.

ಆದ್ದರಿಂದ ಕೇಳಬೇಕಾದದ್ದು ಇಷ್ಟು. ಆ ಸುತ್ತೋಲೆ ಕಾಸಿಮೇಡಿನ ದಕ್ಕೆಯ ಬಳಿ, ಮಲ್ಪೆಯ ಬಂದರಿನ ಬಳಿ, ಕೆ.ಆರ್. ಮಾರುಕಟ್ಟೆಯ ಬಳಿ ಮೊದಲು ಜಾರಿಯಾಗಲಿ. ಹತ್ತು, ಇಪ್ಪತ್ತರ ನೋಟು ಕೊಡುವ ಒಂದು ಕೌಂಟರನ್ನು ಬ್ಯಾಂಕುಗಳು ನಸುಕಿಗೇ ತೆರೆಯಲಿ. ಅಂಗಡಿ, ಆಸ್ಪತ್ರೆ, ಸರ್ಕಾರಿ ಕಚೇರಿ ಯಾವುದೂ ನಗದನ್ನು ನಿರಾಕರಿಸದಂತೆ ಸಂಸತ್ತು ಸ್ಪಷ್ಟ ಕಾನೂನು ತರಲಿ. ಓದುಗರಲ್ಲೂ ಒಂದು ಕೋರಿಕೆ: ಮುಂದಿನ ಬಾರಿ ಬೀದಿಯಲ್ಲಿ ಮೀನೋ ಸೊಪ್ಪೋ ಕೊಳ್ಳುವಾಗ ಫೋನು ತೆಗೆಯುವ ಮುನ್ನ ಕಿಸೆಯಲ್ಲಿ ಚಿಲ್ಲರೆ ಇದೆಯೇ ನೋಡಿ, ಇದ್ದರೆ ಅದನ್ನೇ ಕೊಡಿ.